ಮೋಹನದಾಸ ಮಾವ ಮತ್ತು ಜೋಗದ ದಾರಿ

ನಮ್ಮ ಮೋಹನದಾಸ ಮಾವನಷ್ಟು ಹೆದರುಪುಕ್ಕಲು ಗಂಡಸು ಇಡೀ ಜೆಪ್ಪುವಿನಲ್ಲಿ ಇನ್ನೊಬ್ಬರಿರಲಿಲ್ಲ. ಇದನ್ನು ನಾನು ಅವರ ಮುಖಕ್ಕೇ ಹೇಳಿದ್ದುಂಟು. ಅವರು ನಕ್ಕು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರು ನನ್ನ ಅಮ್ಮನ ಅಣ್ಣ. ಅಪ್ಪ ಬೇಗ ತೀರಿಕೊಂಡದ್ದರಿಂದ ಅಮ್ಮ ಮತ್ತು ನಾನು ಅವರ ಮನೆಯಲ್ಲೇ ಇದ್ದೆವು. ಹಾಗಾಗಿ ಆ ಹೆದರಿಕೆಯನ್ನೆಲ್ಲ ಹತ್ತಿರದಿಂದ ಕಾಣುವ ಭಾಗ್ಯ ನನ್ನದಾಗಿತ್ತು.

ಹೆದರಿಕೆಗೆ ಕಾರಣವೂ ಇತ್ತೆನ್ನಿ. ಮಾವ ಒಂದು ಮೋಟಾರು ವಿಮೆಯ ಆಫೀಸಿನಲ್ಲಿ ಕ್ಲೇಮಿನ ಗುಮಾಸ್ತರು. ಉಳಿದವರಿಗೆ ನಂತೂರು ಎಂದರೆ ಬಸ್ಸಿಗೆ ಕಾಯುವ ಜಾಗ. ಮಾವನಿಗೆ ಅದು ಲಾರಿ ಮತ್ತು ಬಸ್ಸು ಮುಖಾಮುಖಿಯಾದ ಜಾಗ, ಟ್ಯಾಂಕರಿನ ಬ್ರೇಕು ಹಿಡಿಯದೆ ಹೋದ ಜಾಗ. ಘಾಟಿಗಳ ಒಂದೊಂದು ತಿರುವಿನಲ್ಲೂ ಅವರಿಗೆ ಯಾರಾದರೂ ಒಬ್ಬರು ಸತ್ತಿದ್ದರು. ನಜ್ಜುಗುಜ್ಜಾದ ಕಾರುಗಳ ಫೋಟೊ ನೋಡಿ ಮನೆಗೆ ಬಂದ ದಿನ ಅವರು ಊಟಕ್ಕೆ ಕೂತರೆ ಮೀನಿನ ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ತಿನ್ನುತ್ತಿರಲಿಲ್ಲ.

ಇಂಥವರು ಒಂದು ಪ್ರಯಾಣ ಹೊರಡಿಸಿದರು. ಅದೂ ಘಾಟಿ ಹತ್ತಿ, ಅದೂ ಮಳೆಗಾಲದಲ್ಲಿ.

ಕಾರಣ ಉಮಾವತಿ ಮಾಮಿ, ಅವರ ಹೆಂಡತಿ. ತುರ್ತುಪರಿಸ್ಥಿತಿ ಮುಗಿದ ವರ್ಷ ಮಾಮಿ ಬಂಗುಡೆ ಸೀಳುವಾಗ ಎರಡು ಸಲ ಕೈ ಕೊಯ್ದುಕೊಂಡರು. ಕಂಕನಾಡಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಅವರು ಮಾಮಿಯನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ಮಾವನನ್ನೂ ನನ್ನನ್ನೂ ಒಳಗೆ ಕರೆದರು. ಕಣ್ಣಿನ ನರ ಒಣಗುತ್ತಾ ಬರುತ್ತಿದೆ, ಹೋದದ್ದು ಇನ್ನು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ದಿನಾ ತಪ್ಪದೆ ಹನಿ ಮದ್ದು ಹಾಕಬೇಕು, ಆದರೂ ಎಷ್ಟು ಕಾಲ ಎಂದು ಹೇಳಲಾಗದು ಎಂದರು. ಪೇಷೆಂಟನ್ನು ಹೆದರಿಸಬೇಡಿ ಎಂದೂ ಹೇಳಿದರು. ಹೊರಗೆ ಬಂದ ಮಾವ ಮಾಮಿಗೆ, ಎಂತ ಇಲ್ಲ, ನಂಜು ಏರಿದ್ದು, ಮದ್ದಿನಲ್ಲಿ ಸರಿಯಾಗ್ತದಂತೆ ಎಂದರು. ಆ ಮನುಷ್ಯ ಹುಟ್ಟಿ ಅಷ್ಟು ದೊಡ್ಡ ಸುಳ್ಳು ಹೇಳಿದ್ದು ಅದೇ ಮೊದಲು. ಕಿವಿ ಕೆಂಪಗಾಗಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಮಾಮಿ ಕಿಟಕಿಯ ಹೊರಗೆ ನೋಡುತ್ತಾ, "ನನಗೆ ಒಮ್ಮೆ ಜೋಗ ನೋಡಬೇಕು. ಕಣ್ಣು ಇರುವಾಗ ಒಮ್ಮೆ" ಎಂದರು. ಅವರ ಶಾಲೆಯಿಂದ ಹುಡುಗಿಯರನ್ನು ಜೋಗಕ್ಕೆ ಕರೆದುಕೊಂಡು ಹೋದ ವರ್ಷ ಮನೆಯ ಯಜಮಾನರಾದ ಸೋದರಮಾವ ಇವರನ್ನು ಬಿಡಲಿಲ್ಲವಂತೆ. ಹೋದ ಗೆಳತಿಯರು ಒಂದು ತಿಂಗಳು ಅದನ್ನೇ ಹೇಳಿದರಂತೆ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಮಾಮಿ ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಮಾವ ಆಗಲೇ, ಬಸ್ಸಿನಲ್ಲೇ, ಕರೆದುಕೊಂಡು ಹೋಗ್ತೇನೆ ಎಂದು ಮಾತು ಕೊಟ್ಟರು.

ಕೊಟ್ಟದ್ದೇನೋ ಸುಲಭ. ಮೇಲೆ ಅಣೆಕಟ್ಟು ಕಟ್ಟಿದ ಮೇಲೆ ಜೋಗದಲ್ಲಿ ನೀರು ತುಂಬಿರುವುದು ಮಳೆಗಾಲದಲ್ಲಿ ಮಾತ್ರ. ಬೇಸಗೆಯಲ್ಲಿ ಹೋದರೆ ಬಂಡೆ ನೋಡಿ ಬರಬೇಕು. ಮಳೆಗಾಲದಲ್ಲಿ ಹೋಗುವ ಎಂದರೆ ಘಾಟಿ ಕುಸಿಯುವ ಫೈಲುಗಳೆಲ್ಲ ಮಾವನ ಮೇಜಿನ ಮೇಲೆಯೇ ಇರುತ್ತಿದ್ದವು. ಮೊದಲ ವರ್ಷ ಆಟಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದಲ್ಲಿ, ಪೂರ್ತಿ ನೀರು ಇತ್ತು, ಆದರೆ ಆಟಿಯಲ್ಲಿ ಯಾರಾದರೂ ಮನೆಯಿಂದ ಶುಭವೆಂದು ಹೊರಡುತ್ತಾರಾ ಎಂದು ಅಮ್ಮ ಬಾಯಿ ಮಾಡಿದಳು. ಆಟಿ ಕಳೆದು ಅದರ ಮುಂದಿನ ಸೋಣ ತಿಂಗಳು ಬಂದಾಗ ಘಾಟಿಯಲ್ಲಿ ಗುಡ್ಡ ಜರಿದು ಬಸ್ಸೊಂದು ಸಿಕ್ಕಿಬಿದ್ದ ಸುದ್ದಿ ಪೇಪರಿನಲ್ಲಿ ಬಂತು. ಮಾವ ಪೇಪರು ಮಡಚಿಟ್ಟು, ಬರುವ ವರ್ಷ ಹೋಗುವ ಎಂದರು. ಮಾಮಿ ಆಗಲಿ ಎಂದರು.

ಆ ವರ್ಷವಿಡೀ ಮಾವ ಪ್ರಯಾಣದ ತಯಾರಿಯಲ್ಲೇ ಇದ್ದರು. ಸರ್ವಿಸ್ ಬಸ್ಸು ಬೇಡ, ಮಾಮಿಗೆ ಮೆಟ್ಟಿಲು ಕಾಣುವುದಿಲ್ಲ. ಬಾಡಿಗೆ ಕಾರಿಗೆ ನಮ್ಮ ಕೈ ಸಾಲದು. ಕಡೆಗೆ ಸಿಕ್ಕಿದ್ದು ಅದ್ದು ಬ್ಯಾರಿಯ ಮೆಟಡೋರ್. ಅದ್ದು ನಮ್ಮದೇ ಬೀದಿಯ ಕೊನೆಯವನು, ಸ್ವಂತ ಗಾಡಿ, ಕುಡಿಯುವುದಿಲ್ಲ, ಅವನ ಹೆಸರಿನಲ್ಲಿ ಒಂದು ಕ್ಲೇಮೂ ಇಲ್ಲ. ಮಾವ ಅವನ ಟಯರಿನ ಗೀರಿಗೆ ಬೆರಳು ಹಾಕಿ ನೋಡಿದರು, ಸೀಟಿನ ಕೆಳಗೆ ಬಗ್ಗಿ ನೋಡಿದರು, ಸ್ಟೆಪ್ನಿಯನ್ನು ಕೆಳಗಿಳಿಸಿ ಒದ್ದು ನೋಡಿದರು. ಹಗಲಿನಲ್ಲೇ ಹೊರಟು ಹಗಲಿನಲ್ಲೇ ತಲಪಬೇಕು, ಕತ್ತಲಾದ ಮೇಲೆ ಘಾಟಿಯಲ್ಲಿ ಒಂದು ಗಳಿಗೆಯೂ ಇರಬಾರದು ಎಂಬುದು ಅವರ ಮುಖ್ಯ ಕಟ್ಟಳೆ. ಅದ್ದು ತಲೆ ತುರಿಸುತ್ತಾ ಮಾವನಿಗೆ, ಆಳ್ವರೇ ನೀವು ಗಾಡಿ ಬಾಡಿಗೆಗೆ ತೆಗೆದುಕೊಳ್ಳುವುದಾ ಮಗಳನ್ನು ಕೊಡುವುದಾ ಎಂದು ಕೇಳಿದನು.

ಅಷ್ಟರವರೆಗೆ ಎಲ್ಲ ಸರಿಯಾಗಿತ್ತು. ತಪ್ಪು ಆದದ್ದು ಅಲ್ಲಿಂದ ಮುಂದೆ. ಮೆಟಡೋರಿನ ಬಾಡಿಗೆ ನಾವು ನಾಲ್ಕೈದು ಮಂದಿ ಹೊರುವಂಥದ್ದಲ್ಲ. ಸೀಟು ತುಂಬಿಸಿದರೆ ಹಗುರವಾಗುತ್ತದೆ ಎಂದು ಮಾವ ಲೆಕ್ಕ ಹಾಕಿದರು. ನನ್ನ ಅಮ್ಮ ಗುಲಾಬಿ, ಅವಳಿಗೆ ಒಂದು ಕೆಲಸ ಕೊಟ್ಟರೆ ಸಾಕು, ಸಂಬಂಧಿಕರನ್ನು ಹಿಡಿದು ತಂದಳು. ಆದರೆ ಬರೀ ನೀರು ಬೀಳುವುದನ್ನು ನೋಡಲು ನಮ್ಮವರು ಯಾರು ಗಂಟು ಬಿಚ್ಚುತ್ತಾರೆ? ದಾರಿಯಲ್ಲಿ ಹೇಗೂ ಕೊಲ್ಲೂರು ಉಂಟು, ದೇವಿಯ ದರ್ಶನ ಮಾಡಿ ಮೇಲೆ ಹೋಗುವ ಎಂದು ಅಮ್ಮ ಹೇಳಿದ ಮೇಲೆ ಗಾಡಿ ತುಂಬಿತು. ಅಷ್ಟಕ್ಕೇ ನಿಲ್ಲಿಸಿದಳಾ? ಅತ್ತಿಗೆಯ ಕಣ್ಣಿಗಾಗಿ ಹರಕೆ ಹೊತ್ತು, ಅರಸಿನ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ದೇವರ ಮುಂದೆ ಮುಡಿಪು ಇಟ್ಟಳು. ಅಮ್ಮ ಮಾಡಿದ್ದು ಪ್ರೀತಿಯಿಂದ, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಮುಡಿಪು ಕಟ್ಟಿದ ಗಳಿಗೆಯಿಂದ ಅದು ಜೋಗದ ಪ್ರಯಾಣವಾಗಿ ಉಳಿಯಲಿಲ್ಲ, ದೇವರ ಪ್ರಯಾಣವಾಯಿತು. ದೇವರ ಪ್ರಯಾಣ ಎಂದ ಮೇಲೆ ಸೂತಕದಲ್ಲಿ ಹೊರಡುವ ಹಾಗಿಲ್ಲ.

ನಮ್ಮಲ್ಲಿ ಕುಟುಂಬ ನಡೆಯುವುದು ತಾಯಿಯ ಕಡೆಯಿಂದ. ಗಂಡನ ಕುಟುಂಬ ಬೇರೆ, ಹೆಂಡತಿಯ ಕುಟುಂಬ ಬೇರೆ. ಒಂದೇ ಚಾಪೆಯಲ್ಲಿ ಮಲಗುವವರಿಗೆ ಎರಡು ಕಡೆಯ ಸೂತಕ. ಎರಡು ಕುಟುಂಬಗಳೂ ಮೂಲ್ಕಿಯಿಂದ ಮುಂಬೈಯವರೆಗೆ ಹರಡಿದಂಥವು. ಅಷ್ಟು ಜನರಲ್ಲಿ ಯಾರೂ ಸಾಯದ, ಯಾರೂ ಹೆರದ ಒಂದು ತಿಂಗಳನ್ನು ನಾವು ಹುಡುಕಬೇಕಾಗಿತ್ತು.

ಎರಡನೆಯ ವರ್ಷ ಹೊರಡುವ ಮುನ್ನಾದಿನ, ಚಕ್ಕುಲಿ ಕರಿದು ಡಬ್ಬಕ್ಕೆ ತುಂಬಿಸಿಯಾಗಿತ್ತು, ಮಾಮಿಯ ಕಡೆಯ ಒಬ್ಬ ಮುದುಕ ತೀರಿಕೊಂಡ. ಮಾಮಿ ಅವನನ್ನು ಹುಟ್ಟಿದ ಮೇಲೆ ಒಮ್ಮೆ ನೋಡಿದ್ದರೇನೋ. ಅವನ ಸೂತಕ ಕಳೆಯುವಷ್ಟರಲ್ಲಿ ನಮ್ಮ ಕಡೆ ಮುಂಬೈಯಲ್ಲಿ ಒಂದು ಹೆರಿಗೆಯಾಯಿತು. ಹೆರಿಗೆಯದ್ದೂ ಸೂತಕವೇ. ಅದು ಕಳೆಯಲು ಕಾದರೆ ಮಳೆ ಹಿಂದೆ ಸರಿಯುತ್ತಿತ್ತು. ನಾನು ಸಿಟ್ಟಿನಿಂದ ಕೇಳಿದೆ, ಕೊಲ್ಲೂರು ಬಿಡಿ, ಹೊನ್ನಾವರದ ಮೇಲಿಂದ ನೆಟ್ಟಗೆ ಜೋಗಕ್ಕೆ ಹೋಗಿ ಬರುವ, ದೇವರಿಗೆ ಬೇಸಗೆಯಲ್ಲಿ ಹೋದರೂ ನಡೆಯುತ್ತದೆ, ಮಾಮಿಯ ಕಣ್ಣು ಬರುವ ಮಳೆಗಾಲದವರೆಗೆ ಕಾಯುತ್ತದಾ? ಅಮ್ಮ ಕಿವಿ ಮುಚ್ಚಿಕೊಂಡಳು. ಅದೇ ಕಣ್ಣಿಗಾಗಿ ಕಟ್ಟಿದ ಮುಡಿಪನ್ನು ಮನೆಯಲ್ಲಿಟ್ಟು ವಿನೋದಕ್ಕೆ ಹೋದರೆ ಇದ್ದ ಕಣ್ಣೂ ಹೋಗುತ್ತದೆ ಎಂದಳು. ಮಾವ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಅಂಥದರಲ್ಲೆಲ್ಲ ಅಷ್ಟು ನಂಬಿಕೆ ಇರಲಿಲ್ಲ, ಆದರೆ ಹೆಂಡತಿಯ ಕಣ್ಣಿನ ವಿಷಯದಲ್ಲಿ ಪರೀಕ್ಷೆ ಮಾಡಿ ನೋಡುವ ಧೈರ್ಯವೂ ಇರಲಿಲ್ಲ. ಬರುವ ವರ್ಷ ನೋಡುವ ಕಿನ್ನಿ, ಎಂದರು. ಕಿನ್ನಿ ಎಂದರೆ ತುಳುವಿನಲ್ಲಿ ಚಿಕ್ಕವಳು. ಆ ಮನೆಯಲ್ಲಿ ನನ್ನ ಹೆಸರು ಅದೇ.

ಮಾಮಿಯ ಕಣ್ಣು ಕಾಯಲಿಲ್ಲ. ಬದಿಯಲ್ಲಿ ನಿಂತವರು ಕಾಣುತ್ತಿರಲಿಲ್ಲ, ಎದುರಿಗೆ ಬಂದು ನಿಂತರೆ ಮಾತ್ರ ಗುರುತು. ಆದರೂ ಅವರು ಕಾಣುವವರ ಹಾಗೆಯೇ ನಡೆದುಕೊಂಡರು. ನಾವು ಅದನ್ನು ನಂಬಿದವರ ಹಾಗೆ ನಡೆದುಕೊಂಡೆವು. ಒಲೆಯ ಹತ್ತಿರ ಅವರ ಕೈ ತಗುಲಿ ಹಾಲಿನ ಪಾತ್ರೆ ಉರುಳಿದರೆ ಅಮ್ಮ ಓಡಿ ಬಂದು, ಹಾಳು ಬೆಕ್ಕು, ಪುನಃ ಬಂತು ನೋಡಿ, ಎಂದು ಇಲ್ಲದ ಬೆಕ್ಕನ್ನು ಹಿಂಬಾಗಿಲಿನವರೆಗೆ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಲೋಟ ಒಡೆದರೂ ಬೆಕ್ಕು, ದೀಪ ಮಗುಚಿದರೂ ಬೆಕ್ಕು. ಒಂದು ದಿನ ಮಾಮಿ ಅಕ್ಕಿ ಆರಿಸುತ್ತಾ ಮೆಲ್ಲಗೆ, ಈ ಮನೆಗೆ ಬೆಕ್ಕು ಬಂದು ಎಷ್ಟು ಸಮಯ ಆಯಿತು ಕಿನ್ನಿ, ಎಂದು ಕೇಳಿದರು. ನಾನು ಕೊಡಪಾನ ತೆಗೆದುಕೊಂಡು ಬಾವಿಕಟ್ಟೆಗೆ ಹೋದೆ.

ಮೂರನೆಯ ವರ್ಷದ ಸೋಣ ತಿಂಗಳಲ್ಲಿ ದೇವರು ಕಣ್ಣುಬಿಟ್ಟ. ಯಾರೂ ಸಾಯಲಿಲ್ಲ, ಯಾರೂ ಹೆರಲಿಲ್ಲ, ಗುಡ್ಡ ಜರಿಯಲಿಲ್ಲ. ಬೆಳಕು ಹರಿದ ಮೇಲೆ ಹೊರಟು ನಂತೂರು ದಾಟುವಾಗ ಮಾವ ಅದ್ದುವಿನ ಪಕ್ಕದಲ್ಲಿ ಕೂತು ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದರು. ಕೂಳೂರಿನಲ್ಲಿ ಹೊಳೆ ದಾಟುವ ಸಂಕದ ಮೇಲೆ ಹೋಗುವಾಗಲೂ ಹಿಡಿದಿದ್ದರು. ಕುಂದಾಪುರ ದಾಟಿದ ಮೇಲೆ ಬಿಟ್ಟರು, ಚಕ್ಕುಲಿ ತಿಂದರು. ಸಂಜೆ ಕೊಲ್ಲೂರಿನಲ್ಲಿ ದರ್ಶನವಾಗಿ ಅಮ್ಮನ ಮುಡಿಪು ದೇವಿಗೆ ಸೇರಿತು. ಛತ್ರದಲ್ಲಿ ಮಲಗಿ, ಬೆಳಗ್ಗೆ ಗಂಟುಮೂಟೆ ಅಲ್ಲೇ ಇಟ್ಟು, ಘಾಟಿ ಹತ್ತಿ ಜೋಗ ನೋಡಿ, ಕತ್ತಲಾಗುವ ಮೊದಲು ಇಳಿದು ಪುನಃ ಛತ್ರ ಸೇರುವುದು ಮಾವನ ಏರ್ಪಾಡು. ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಅವರು ನಾಲ್ಕು ಸಲ ಎಲ್ಲರಿಗೂ ಇದನ್ನು ವಿವರಿಸಿದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಯಾವತ್ತೂ ನೋಡಿರಲಿಲ್ಲ. ಮಾಮಿ ಮದುವೆಗೆ ಉಡುವ ಸೀರೆ ಉಟ್ಟಿದ್ದರು.

ಜೋಗದಲ್ಲಿ ಗಾಡಿ ನಿಂತಾಗ ಸದ್ದು ಕೇಳಿಸಿತು. ಎದೆಯೊಳಗೆ ಗುಡುಗಿದ ಹಾಗೆ. ನಾನು ಮಾಮಿಯ ಕೈ ಹಿಡಿದು ಪ್ರಪಾತದ ಅಂಚಿನ ಕಂಬಿಯವರೆಗೆ ಬಂದೆ. ಎದುರಿಗೆ ಮಂಜು. ಕಂಬಿಯಿಂದ ಆಚೆ ಒಂದು ಎಲೆಯೂ ಇಲ್ಲ, ಬಂಡೆಯೂ ಇಲ್ಲ, ಆಕಾಶವೂ ಇಲ್ಲ, ಸುಣ್ಣ ಬಳಿದ ಗೋಡೆಯಂತೆ ಬಿಳಿ ಮಾತ್ರ. ನೀರು ಅದರ ಹಿಂದೆ ಎಲ್ಲೋ ಬೀಳುತ್ತಿತ್ತು.

"ಯಾವ ಕಡೆ ನೋಡಬೇಕು ಕಿನ್ನಿ?" ಎಂದು ಮಾಮಿ ಕೇಳಿದರು.

ನಾನು ಅವರ ಮುಖವನ್ನು ಸದ್ದು ಬರುವ ಕಡೆ ತಿರುಗಿಸಿದೆ. ಮಾವ ಬಂದು, ಸ್ವಲ್ಪ ಮಂಜು ಉಂಟು ಉಮಾ, ಈಗ ತೆರೆಯುತ್ತದೆ, ಕಾಯುವ ಎಂದರು. ಕಡಲೆಕಾಯಿ ಮಾರುವವನನ್ನು ಕೇಳಿದರೆ, ಒಮ್ಮೊಮ್ಮೆ ಗಾಳಿ ಬಂದರೆ ತೆರೆಯುತ್ತದೆ, ನಿನ್ನೆ ಇಡೀ ದಿನ ತೆರೆಯಲಿಲ್ಲ ಎಂದನು. ನಾವು ಕಾದೆವು. ಮಾಮಿ ಕಂಬಿ ಹಿಡಿದು, ಕಣ್ಣನ್ನು ಕಿರಿದು ಮಾಡಿ, ದೊಡ್ಡದು ಮಾಡಿ, ಕತ್ತು ಆಚೆ ಈಚೆ ತಿರುಗಿಸಿ ನೋಡುತ್ತಲೇ ಇದ್ದರು.

ಆಗ ಎಲ್ಲಿಯದೋ ಶಾಲೆಯ ಮಕ್ಕಳು ಬಸ್ಸಿನಿಂದ ಇಳಿದು ನಮ್ಮ ಪಕ್ಕದಲ್ಲಿ ಸಾಲುಗಟ್ಟಿದರು. ಮಕ್ಕಳಿಗೆ ಮಂಜಾದರೇನು, ಬಿಸಿಲಾದರೇನು. ಒಬ್ಬ, ಅಗೋ ಕಂಡಿತು ರಾಜಾ, ಎಂದು ಕಿರುಚಿದ. ಇನ್ನೊಬ್ಬ ಅಲ್ಲ ಅದು ರಾಕೆಟ್ ಎಂದ. ಎಲ್ಲರೂ ಬಿಳಿಯನ್ನೇ ತೋರಿಸಿ ತೋರಿಸಿ ಹೋ ಎಂದು ಚಪ್ಪಾಳೆ ಹೊಡೆದರು, ಅವರ ಮೇಷ್ಟ್ರೂ ನಗುತ್ತಿದ್ದರು. ನಾನು ಮಾಮಿಯ ಮುಖ ನೋಡಿದೆ. ಅವರು ಮಕ್ಕಳ ಕೂಗು ಬಂದ ಕಡೆ ಒಮ್ಮೆ ತಿರುಗಿ, ಪುನಃ ಎದುರಿಗೆ ನೋಡಿ, ಕಂಬಿಯಿಂದ ಕೈ ತೆಗೆದರು.

"ಮಂಜು, ಅಲ್ವಾ" ಎಂದರು ಮಾವನಿಗೆ. "ಇದೂ ಗುಲಾಬಿಯ ಬೆಕ್ಕಿನ ಹಾಗೆ."

ಮಾವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಅಲ್ಲ ಉಮಾ, ನಿಜವಾಗಿ ಮಂಜು, ಯಾರಿಗೂ ಕಾಣುವುದಿಲ್ಲ, ಆ ಮಕ್ಕಳು ಸುಮ್ಮನೆ ಬೊಬ್ಬೆ ಹಾಕುವುದು, ಎಂದರು. ಅಮ್ಮ ದೇವಿಯ ಆಣೆ ಹಾಕಿದಳು. ಅದ್ದುವೂ ಬಂದು, ಅಲ್ಲಾನ ಮೇಲೆ ಆಣೆ ಅಮ್ಮ, ನನಗೂ ಎಂತದೂ ಕಾಣುವುದಿಲ್ಲ ಎಂದ. ನಾವು ಹೇಳಿದಷ್ಟೂ ಅದು ಹಾಲು ಚೆಲ್ಲಿದಾಗ ಹೇಳುವ ಮಾತಿನಂತೆಯೇ ಕೇಳುತ್ತಿತ್ತು. ಮಾಮಿ ಎಲ್ಲರಿಗಿಂತ ಸಮಾಧಾನದಲ್ಲಿದ್ದರು.

"ನನಗಾಗಿ ನೀವು ಯಾರೂ ಹೀಗೆ ಹೇಳುವುದು ಬೇಡ. ಅಷ್ಟು ದೂರ ಬಂದಿದ್ದೀರಿ, ಸರಿಯಾಗಿ ನೋಡಿ. ನಾನು ಇಲ್ಲಿ ಕೂತಿರ್ತೇನೆ."

ಮಾವ ಮಾಮಿಯ ಮಗ ಚಿತ್ತರಂಜನ ಒಂದು ಸಣ್ಣ ಕ್ಯಾಮೆರಾ ತಂದಿದ್ದ. ಅವನಿಗೆ ಏನು ಮಾಡಬೇಕೆಂದು ತೋಚದೆ ಎಲ್ಲರನ್ನೂ ಕಂಬಿಯ ಮುಂದೆ ನಿಲ್ಲಿಸಿ ಒಂದು ಫೋಟೊ ತೆಗೆದ. ಮಂಜು ಅಲ್ಲಾಡಲಿಲ್ಲ. ಮಾವ ವಾಚು ನೋಡಿದರು. ಹೊರಡುವ ಹೊತ್ತಾಗಿತ್ತು. ಇನ್ನೂ ಒಂದು ಗಂಟೆ ನಿಲ್ಲುವ ಆಳ್ವರೇ, ನಾನು ನಿಧಾನಕ್ಕೆ ಇಳಿಸ್ತೇನೆ, ಎಂದು ಅದ್ದು ತಾನಾಗಿಯೇ ಹೇಳಿದ. ನಿಲ್ಲಿಸಿ ಮಾವ ಎಂದು ನಾನು ಬೇಡಿಕೊಂಡೆ. ಮಾವ ಗಾಡಿಯನ್ನು ನೋಡಿದರು, ಅದರೊಳಗೆ ಹತ್ತಿ ಕೂತಿದ್ದ ಸಂಬಂಧಿಕರ ಸಣ್ಣ ಮಕ್ಕಳನ್ನು ನೋಡಿದರು, ಬಿಳಿಯನ್ನು ನೋಡಿದರು. ಇದೇ ಮಂಜು ಘಾಟಿಯಲ್ಲೂ ಇದ್ದರೆ, ಅದೂ ಕತ್ತಲಲ್ಲಿ? ಅಂಥ ಫೈಲುಗಳು ಅವರಿಗೆ ಬಾಯಿಪಾಠ ಇದ್ದವು. ಕಡೆಗೆ ಮಾಮಿಯೇ ಎದ್ದು, "ಹೊರಡುವ. ನನಗೆ ನೋಡಿ ಆಯಿತು" ಎಂದು ನನ್ನ ಕೈ ಹಿಡಿದುಕೊಂಡರು.

ನಾವು ಬೆಳಕಿರುವಾಗಲೇ ಛತ್ರ ಸೇರಿದೆವು. ಒಬ್ಬರಿಗೂ ಒಂದು ಗೀರು ಗಾಯ ಆಗಲಿಲ್ಲ. ಹೋದವರೆಲ್ಲ ಇವತ್ತಿಗೂ ಹೊಗಳುತ್ತಾರೆ, ಆಳ್ವರ ಹಾಗೆ ಪ್ರಯಾಣ ಹೊರಡಿಸಲು ಬೇರೆ ಯಾರಿಗೂ ಬರುವುದಿಲ್ಲ ಎಂದು.

ಮನೆಗೆ ಬಂದ ಮೇಲೆ ಮಾಮಿ ಮೀನು ಕೊಯ್ಯುವ ಮೆಟ್ಟುಕತ್ತಿಯನ್ನು ಅಮ್ಮನಿಗೆ ಒಪ್ಪಿಸಿದರು. ಹತ್ತಿರದ್ದು ಚೂರು ಉಳಿದಿದೆ, ದೂರದ್ದು ಹೋಯಿತು ಎಂದು ತಾವೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದರು. ಕಾಣುವವರ ಹಾಗೆ ನಡೆಯುವುದನ್ನು ಬಿಟ್ಟು ಗೋಡೆ ಹಿಡಿದು ನಡೆಯತೊಡಗಿದರು. ಅದಾದರೂ ಆಗಲಿ, ಹನಿ ಮದ್ದನ್ನೂ ಬಿಟ್ಟರು. ಹೋದ ಕಣ್ಣಿಗೆ ಎಂತ ಮದ್ದು, ಅದು ಉರಿಯುತ್ತದೆ ಎಂದರು. ಮಾವ ಸೀಸೆ ಹಿಡಿದು ಬಂದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಮಾವ ಬೇಡಿದರು, ಬೈದರು, ಒಮ್ಮೆ ಅತ್ತೂ ಬಿಟ್ಟರು. ಹೋಗಿಲ್ಲ ಉಮಾ, ಅದು ಮಂಜು, ಎಂದರೆ ಮಾಮಿ ಅವರ ತಲೆ ನೇವರಿಸಿ, ಆಯಿತು ಬಿಡಿ, ಮಂಜೇ, ಎನ್ನುತ್ತಿದ್ದರು. ಕಣ್ಣು ಪೂರ್ತಿ ಹೋಗಿಲ್ಲ ಎಂದು ಡಾಕ್ಟರು ಮನೆಗೇ ಬಂದು ಹೇಳಿದರು. ಇವರು ಕಳುಹಿಸಿದ್ದಲ್ವಾ, ಎಂದು ಮಾಮಿ ಅವರಿಗೂ ಚಹಾ ಕೊಡಿಸಿದರು. ನಂಜು ಏರಿದ್ದು ಎಂದು ಕಂಕನಾಡಿಯ ಬೆಂಚಿನಲ್ಲಿ ಕೇಳಿಸಿಕೊಂಡ ಹೆಂಗಸು ಅವರು. ಅವರ ಮೇಲೆ ಯಾವ ಬಾಯಿಯಲ್ಲಿ ಸಿಟ್ಟು ಮಾಡಲಿ?

ಚಿತ್ತರಂಜನನ ಕ್ಯಾಮೆರಾದಲ್ಲಿ ರೀಲು ಇನ್ನೂ ಮುಗಿದಿರಲಿಲ್ಲ. ರೀಲು ಮುಗಿಯದೆ ತೊಳೆಸುವ ಕ್ರಮ ಆಗ ಯಾರಲ್ಲೂ ಇರಲಿಲ್ಲ, ಅದು ದುಂದು. ಕ್ಯಾಮೆರಾ ಕಪಾಟಿನಲ್ಲಿ ಕೂತಿತು, ನಾವು ಅದನ್ನು ಮರೆತೆವು. ಮುಂದಿನ ಬೇಸಗೆಯಲ್ಲಿ ಒಂದು ಮದುವೆಗೆ ಅದನ್ನು ಹೊರತೆಗೆದು ರೀಲು ಮುಗಿಸಿ ಸ್ಟುಡಿಯೋಕ್ಕೆ ಕೊಟ್ಟರು. ಫೋಟೊ ತರಲು ಹೋದ ಮಾವ ಕಂಕನಾಡಿಯಿಂದ ಬಸ್ಸಿಗೂ ಕಾಯದೆ ರಿಕ್ಷಾ ಹಿಡಿದು ಬಂದರು. ರಿಕ್ಷಾದಲ್ಲಿ ಕೂತದ್ದು ಅವರು ಅದೇ ಮೊದಲು, ಮೂರು ಚಕ್ರದ ಗಾಡಿಯನ್ನು ಅವರು ನಂಬುತ್ತಿರಲಿಲ್ಲ.

ಚಪ್ಪಲಿ ಕಳಚದೆ ಒಳಗೆ ಬಂದರು. ಕೈಯಲ್ಲಿ ಜೋಗದ ಫೋಟೊ. ನಾವೆಲ್ಲ ಸಾಲಾಗಿ ನಿಂತಿದ್ದೇವೆ, ನಡುವೆ ಸೀರೆಯಲ್ಲಿ ಮಾಮಿ, ಸೊಂಟದ ಮಟ್ಟಕ್ಕೆ ಕಂಬಿ. ಹಿಂದೆ ಏನೂ ಇಲ್ಲ. ಅಂಚಿನಿಂದ ಅಂಚಿಗೆ ಬಿಳಿ. "ಉಮಾ, ಸಾಕ್ಷಿ ಸಿಕ್ಕಿತು, ನೋಡು" ಎಂದು ಮಾವ ಅದನ್ನು ಮಾಮಿಯ ಕೈಯಲ್ಲಿ ಇಟ್ಟರು. ಇಟ್ಟ ಮೇಲೆ ಅವರಿಗೆ ನೆನಪಾಯಿತು. ಅಷ್ಟರಲ್ಲಾಗಲೇ ಮಾಮಿಗೆ ಕಿಟಕಿಯ ಬೆಳಕು ಯಾವ ಕಡೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಮದ್ದು ಬಿಟ್ಟು ಏಳೆಂಟು ತಿಂಗಳಾಗಿತ್ತು.

ಮಾಮಿ ಫೋಟೊವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಎಂತ ಉಂಟು ಇದರಲ್ಲಿ ಎಂದು ಕೇಳಿದರು. ಮಾವ ಗೋಡೆಗೆ ಒರಗಿ ನಿಂತಿದ್ದರು. ಮಾಮಿ ನನ್ನ ಕಡೆ ಫೋಟೊ ಚಾಚಿದರು.

"ನೀನು ಹೇಳು ಕಿನ್ನಿ. ನೀನು ಯಾರ ಮುಖ ಮೋರೆ ನೋಡುವವಳಲ್ಲ. ಜೋಗ ಚಂದ ಬಂದಿದೆಯಾ?"

ನಾನು ನೋಡಿದೆ. ಎಷ್ಟು ನೋಡಿದರೂ ಅದರಲ್ಲಿ ಇದ್ದದ್ದು ಅದೇ. "ಮಂಜು ಮಾಮಿ" ಎಂದೆ. "ಬರೀ ಮಂಜು. ನೀರು ಒಂದು ಹನಿಯೂ ಇಲ್ಲ."

ಮಾಮಿ ನಕ್ಕರು, ನನ್ನ ಕೆನ್ನೆಯನ್ನು ಹುಡುಕಿ ತಟ್ಟಿದರು.

"ನಿನಗೂ ಕಲಿಸಿದರಾ" ಎಂದರು. ಫೋಟೊವನ್ನು ಜಾಗ್ರತೆಯಿಂದ ಮಾವ ಇದ್ದ ಕಡೆ ಚಾಚಿ, ಇದನ್ನು ಎತ್ತಿ ಇಡಿ, ಬೆಕ್ಕು ಹಾಳು ಮಾಡೀತು, ಎಂದರು.